ಸರಗೂರಿನ ಮನೆಗೆ ಯಾರ ಲೈಟು?

ಸುಳ್ಳು ಅನ್ನೋರಿದ್ದರೆ ಈಗಲೇ ಎದ್ದು ನಿಂತು ಅಂದುಬಿಡಿ. ಹುಣಸೂರಿನಿಂದ ಎಚ್.ಡಿ. ಕೋಟೆವರೆಗೆ ಮನೆಯ ಹೊರಗೆ ಲೈಟು ಹಾಕೋದರಲ್ಲಿ ನನ್ನನ್ನು ಮೀರಿಸೋನು ಇನ್ನೂ ಹುಟ್ಟಿಲ್ಲ. ಗೇಟು, ಕಾಂಪೌಂಡು, ತೆಂಗಿನಮರ, ಏನೇ ಕೊಡಿ, ಮದುಮಗಳ ಥರ ಮಾಡಿ ನಿಲ್ಲಿಸ್ತೀನಿ. ಆದರೆ ಮನೆಯವರು ಲೈಟಿನೋನನ್ನು ಆರಿಸೋ ರೀತಿ ಇದೆಯಲ್ಲ, ಅದು ದಿನಾ ಒಂದೊಂದು ತಮಾಷೆ. ಸರಗೂರಿನ ಕೆಲಸವನ್ನೇ ತಗೊಳ್ಳಿ.

ಅಲ್ಲಿ ಗೊಬ್ಬರದ ಅಂಗಡಿಯ ಯಜಮಾನರೊಬ್ಬರು ಬಸ್ಸು ಓಡಾಡೋ ರಸ್ತೆಗೇ ಮುಖ ಮಾಡಿ ಎರಡಂತಸ್ತಿನ ಮನೆ ಕಟ್ಟಿಸಿದ್ದರು. ಆ ಮನೆ ಮೇಲೆ ನನ್ನ ಲೈಟು ಉರಿದರೆ ಇಡೀ ತಾಲ್ಲೂಕು ನನ್ನ ಕೈಲಿ. ಎದುರಾಳಿ ಮೈಸೂರಿನ ಒಂದು ಕಂಪನಿ.

"ನೀನು ಲೈಟು ಹಾಕಿರೋ ಮನೆ ತೋರಿಸು, ಆಮೇಲೆ ಮಾತು" ಅಂದರು ಯಜಮಾನರು.

"ಬೈಕ್ ಹತ್ತಿ ಸಾ" ಅಂದೆ.

೧. ಕಂಪಲಾಪುರ

ಹೊತ್ತು ಮುಳುಗೋ ಸಮಯಕ್ಕೆ ಒಬ್ಬ ಹೊಗೆಸೊಪ್ಪಿನ ಬೆಳೆಗಾರರ ಮನೆ ಮುಂದೆ ಇಳಿದೆವು. ದಾರಿಯುದ್ದಕ್ಕೂ "ಅರಮನೆ ಥರ ಕಾಣ್ತದೆ ನೋಡಿ ಸಾ" ಅಂತ ಕೊಚ್ಚಿಕೊಂಡು ಬಂದಿದ್ದೆ. ನೋಡಿದರೆ ಒಂದು ಲೈಟೂ ಉರಿಯುತ್ತಿಲ್ಲ.

"ಇವನನ್ನೇ ಯಾಕೆ ಆರಿಸಿದ್ರಿ?" ಯಜಮಾನರು ಬೆಳೆಗಾರರನ್ನು ಕೇಳಿದರು.

"ಎದುರುಮನೆಗೆ ಇವ್ನೇ ಆರು ಲೈಟು ಆಕಿದ್ದ. ನಮ್ಗೆ ಏಳು ಆಕ್ತೀಯೇನ್ಲಾ ಅಂದೆ. ಊಂ ಅಂದ."

"ಒಂದ್ಸಲ ಹಚ್ಚಿ ತೋರಿಸಿ, ನೋಡೋಣ."

"ಎದುರುಮನೆಯೋರು ಮಗಳ ಊರಿಗೆ ಓಗವ್ರೆ. ಅವ್ರಿಗೆ ಕಾಣ್ದಿದ್ಮೇಲೆ ಸುಮ್ಕೆ ಕರೆಂಟು ದಂಡ ಕಣ್ರೀ!"

೨. ಅಂತರಸಂತೆ

ಮರುದಿನ ಸಂಜೆ ಕಾಡಂಚಿನ ಒಂದು ಮನೆಗೆ ಕರೆದುಕೊಂಡು ಹೋದೆ. ಇಲ್ಲಿ ಲೈಟೇನೋ ಧಗಧಗ ಉರಿಯುತ್ತಿತ್ತು. ಆದರೆ ನಾನು ಗೋಡೆಗೆ ಬೆಳಕು ಬೀಳೋ ಹಾಗೆ ಕೂರಿಸಿದ್ದನ್ನೆಲ್ಲ ಮನೆಯಾಕೆ ರಾಗಿ ಹೊಲದ ಕಡೆಗೆ ತಿರುಗಿಸಿಬಿಟ್ಟಿದ್ದರು. ಹೊಲ ಬೆಳ್ಳಗೆ, ಮನೆ ಕಪ್ಪಗೆ.

"ಇದೇನಕ್ಕಾ, ಮನೆ ಚೆಂದ ಕಾಣ್ಲಿ ಅಂತ ಹಾಕಿದ್ದಲ್ವಾ?" ಅಂದೆ.

"ಬುಡಪ್ಪ ಚೆಂದಾನ! ಆನೆ ಬಂದ್ರೆ ಅದು ನಮ್ಗೆ ಕಾಣ್ಬೇಕು, ನಾವು ಅದ್ಕೆ ಕಾಣ್ಬಾರ್ದು."

ಯಜಮಾನರು ನನ್ನ ಬೆನ್ನು ತಟ್ಟಿದರು. "ಅಲ್ಲಯ್ಯಾ, ಇಲ್ಲೀವರೆಗೂ ನಿನ್ನ ಲೈಟಲ್ಲಿ ಚೆಂದ ಕಂಡಿರೋದು ಆನೆ ಒಂದೇ ಅನ್ನು!"

೩. ಸರಗೂರು

"ಸರಿ, ಇಬ್ಬರೂ ನಮ್ಮನೇಲೇ ಒಂದು ಸಂಜೆ ಹಚ್ಚಿ ತೋರಿಸಿ. ನಮ್ಮವ್ವ ಯಾರನ್ನ ಒಪ್ತಾರೋ ಅವರಿಗೇ ಕೆಲಸ" ಅಂದರು ಯಜಮಾನರು. ಅವ್ವ ಜಗಲಿ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತರು.

ಮೊದಲು ಮೈಸೂರಿನೋರು ಹಚ್ಚಿದರು. ಮೆಲ್ಲಗೆ, ತೆಳ್ಳಗೆ, ಜೇನುತುಪ್ಪದ ಬಣ್ಣದ ಬೆಳಕು. ರಸ್ತೆಯಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ.

ಆಮೇಲೆ ನಾನು. ಸ್ವಿಚ್ ಒತ್ತಿದ್ದೇ ತಡ, ಕೋಟೆ ಬಸ್ಸಿನ ಡ್ರೈವರ್ ಬ್ರೇಕ್ ಹಾಕಿದ. ಕಿಟಕಿ ಕಿಟಕಿಗೂ ತಲೆಗಳು. ಡೈರಿಗೆ ಹೊರಟವರು ಹಾಲಿನ ಕ್ಯಾನ್ ಇಳಿಸಿ ಬಾಯಿಬಿಟ್ಟು ನಿಂತರು. ನಾನು ಕಾಲರ್ ಎತ್ತಿಕೊಂಡೆ.

"ಆರ್ಸ್ಲಾ! ಮೊದ್ಲು ಆರ್ಸು!" ಅವ್ವ ಕಿರುಚಿದರು. "ಊರೋರ ಕಣ್ಣೆಲ್ಲ ಮನೆ ಮ್ಯಾಲೆ ಬಿತ್ತಲ್ಲೋ!"

"ಜನ ನೋಡ್ಲಿ ಅಂತಾನೇ ಅಲ್ವಾ ಅವ್ವ ಲೈಟು?"

"ನೋಡ್ಲಿ, ಒಟ್ಟೆ ಉರ್ಕೊಂಡು ನೋಡ್ಬಾರ್ದು. ಮೈಸೂರೋರ ಲೈಟ್ಗೆ ಒಂದು ನರಪಿಳ್ಳೆ ತಿರುಗ್ಲಿಲ್ಲ. ಅವ್ರೇ ಸರಿ."

ಚೆನ್ನಾಗಿ ಹಾಕಿದ್ದಕ್ಕೇ ಸೋತೋನು ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ವೈರ್ ಸುತ್ತಿಕೊಳ್ಳುತ್ತಿದ್ದೆ. ಅವ್ವ ಕರೆದರು.

"ನಿಲ್ಲಪ್ಪ. ನಿನ್ ಲೈಟು ಬಿದ್ರೆ ಜನ ನೋಡ್ದೆ ಓಗಾಕಿಲ್ಲ, ಅಲ್ವಾ?"

"ದೇವರಾಣೆಗೂ ಹೋಗಲ್ಲ ಅವ್ವ!"

ಅವರು ಮಹಡಿಯ ಮೂಲೆಗೆ ಕಟ್ಟಿದ್ದ ದೃಷ್ಟಿಬೊಂಬೆಯನ್ನು ತೋರಿಸಿದರು. ಕೋರೆಹಲ್ಲು, ಚಾಚಿದ ನಾಲಗೆ. "ಕತ್ಲಲ್ಲಿ ಅದು ಯಾರ್ಗೂ ಕಾಣಾಕಿಲ್ಲ ಕಣ್ ಮಗ, ಪಾಪ."

ಎರಡಂತಸ್ತಿನ ಮನೆ ಪೂರ್ತಿ ಮೈಸೂರಿನೋರಿಗೆ ಹೋಯಿತು. ನನಗೆ ಕೊಟ್ಟಿದ್ದು ದೃಷ್ಟಿಬೊಂಬೆಯ ಮುಖಕ್ಕೆ ಒಂದು ಲೈಟು.