ಕೊತ್ತಗೆರೆ ಕಲ್ಲಿನ ಹುಳ

ನಮ್ಮ ಸೋದರಮಾವ ಹೆಣ್ಣು ನೋಡಲು ಹೋಗಿ ನೆಲವನ್ನು ಒಪ್ಪಿಕೊಂಡು ಬಂದವರು! ಸುಳ್ಳಲ್ಲ. ಕುಣಿಗಲ್ಲಿನ ಆ ಮನೆಯಲ್ಲಿ ತಲೆಯನ್ನೇ ಎತ್ತಲಿಲ್ಲವಂತೆ. ಎಂಥ ನಾಚಿಕೆಯ ಹುಡುಗ ಎಂದು ಬೀಗರು ಮೆಚ್ಚಿದರು. ನಾಚಿಕೆ ಎಲ್ಲಿ ಬಂತು, ಮಣ್ಣಂಗಟ್ಟಿ! ನೆಲದ ಚಪ್ಪಡಿಯ ಮೇಲೆ ಯಾವುದೋ ಕಾಲದ ಹುಳ ಹರಿದ ಗುರುತಿದೆಯೇ ಎಂದು ಹುಡುಕುತ್ತಿದ್ದರು. "ನನ್ನ ಮೂಗು ಹೆಂಗೈತೆ ಅಂತ ನಿಮ್ಮಾವಂಗೆ ಗೊತ್ತಾಗಿದ್ದೇ ತಾಳಿ ಕಟ್ಟೋವಾಗ ಕಣೋ" ಎಂದು ಅತ್ತೆ ಇಂದಿಗೂ ದೂರುತ್ತಾರೆ.

ಎಪ್ಪತ್ತರ ದಶಕದಲ್ಲಿ ಮಾವ ಗುಬ್ಬಿಯಲ್ಲಿ ವಿಜ್ಞಾನದ ಮೇಷ್ಟ್ರು. ವಾಸ ತುಮಕೂರಿನ ಬಟವಾಡಿಯ ಬಾಡಿಗೆ ಮನೆ. ಭೂಮಿಯ ಮೇಲೆ ಜೀವ ಹೇಗೆ ಶುರುವಾಯಿತು ಎಂಬುದೊಂದೇ ಅವರ ಚಿಂತೆ. "ಮೂಳೆ ಸಿಕ್ಕಿದ್ರೆ ಯಾರ್ ಬೇಕಾದ್ರೂ ಹೇಳ್ತಾರೆ ಕಣಯ್ಯ. ಮೊದಮೊದಲ ಜೀವಕ್ಕೆ ಮೂಳೆ ಎಲ್ಲಿತ್ತು? ಮೈ ಕರಗೋಯ್ತು, ಹರಿದಾಡಿದ ಗುರುತು ಕಲ್ಲಾಗಿ ಉಳ್ಕೊಂತು. ಅದನ್ನ ಓದ್ಬೇಕು!" ಇಷ್ಟು ಓದಬಲ್ಲವರಿಗೆ ಬಸ್ಸಿನ ಬೋರ್ಡು ಮಾತ್ರ ಓದಲು ಬಾರದು. ಗುಬ್ಬಿಗೆಂದು ಹತ್ತಿ ಎಷ್ಟು ಸಲ ಕುಣಿಗಲ್ಲಿನಲ್ಲಿ ಇಳಿದಿಲ್ಲ!

ಒಮ್ಮೆ ತಮ್ಮ ಹುಟ್ಟೂರು ಕೊತ್ತಗೆರೆಯ ತೋಟದ ಬಾವಿಕಟ್ಟೆಯಿಂದ ಒಂದು ಕಲ್ಲನ್ನು ಲಾರಿಯಲ್ಲಿ ಹೇರಿಸಿಕೊಂಡು ಬಂದರು. ಅದರ ಮೇಲೆ ಉದ್ದುದ್ದ ನುಣುಪಾದ ಗೀರುಗಳು. ಹುಳ ಹರಿದದ್ದೇ, ಅದೂ ಭೂಮಿಯ ಮೊದಲ ಹುಳ! ಬಟ್ಟೆ ಒಗೆಯಲಾದರೂ ಕೊಡಿ ಎಂದ ಅತ್ತೆಯ ಜೊತೆ ಮೂರು ದಿನ ಮಾತು ಬಿಟ್ಟರು. ಏಳು ವರ್ಷ ಆ ಗೀರುಗಳನ್ನು ಅಳೆದರು, ಚಿತ್ರ ಬರೆದರು, ನೋಟುಪುಸ್ತಕ ತುಂಬಿಸಿದರು. ಆ ಶ್ರದ್ಧೆ ನಮಗೆ ಯಾರಿಗೂ ಬರಲಿಲ್ಲ. ಕೊನೆಗೂ ಬೆಂಗಳೂರಿನ ಪ್ರೊಫೆಸರೊಬ್ಬರು ಭಾನುವಾರ ಬಂದು ನೋಡುತ್ತೇನೆ ಎಂದು ಬರೆದರು. ಹಬ್ಬಕ್ಕೂ ಕ್ಷೌರ ಮಾಡಿಸದ ಮಾವ ಅವತ್ತು ಮಾಡಿಸಿಕೊಂಡರು! ಪ್ರೊಫೆಸರು ಹೌದು ಎಂದುಬಿಟ್ಟರೆ ಏಳು ವರ್ಷದ ತಪಸ್ಸು ಸಾರ್ಥಕ. ನಗಬೇಡಿ, ಅವರ ಮನೆಯಲ್ಲೇ ಇದ್ದು ಓದುತ್ತಿದ್ದ ನಾನೂ ದೇವರಿಗೆ ಹರಕೆ ಹೊತ್ತೆ.

ಅದೇ ಬೆಳಿಗ್ಗೆ ಕಣ್ಣು ತೋರಿಸಲೆಂದು ಹಳ್ಳಿಯಿಂದ ನಮ್ಮಜ್ಜಿ, ಅಂದರೆ ಮಾವನ ತಾಯಿ, ಬಂದರು. ಪೊರೆ ಬಂದ ಕಣ್ಣು. ಕೂರಲು ಜಾಗ ತಡವುತ್ತಾ ಕಲ್ಲಿನ ಮೇಲೆ ಕೈಯಿಟ್ಟವರು ಅಲ್ಲೇ ನಿಂತರು.

"ಇದ್ಯಾಕ್ಲಾ ಇಲ್ಗಂಟ ತಂದೆ? ನಿಮ್ಮಪ್ಪ ಮಚ್ಚು ಮಸೀತಿದ್ದ ಕಲ್ಲು ಕಣ್ಲಾ ಇದು!"

ನಗು ಬಂದದ್ದು ನಿಜ; ಮಾವನ ಮುಖ ನೋಡಿ ನುಂಗಿಕೊಂಡೆ. ಏಳು ವರ್ಷದ ಹುಳ ಒಂದೇ ಮಾತಿಗೆ ಸತ್ತಿತ್ತು. ಪ್ರೊಫೆಸರು ಬರಲು ಇನ್ನೊಂದು ಗಂಟೆ.

ಮಾವನಿಗೆ ಮೂರು ತುಂಬುವ ಮೊದಲೇ ಅವರಪ್ಪ ತೀರಿಕೊಂಡಿದ್ದರು. ಮನೆಯಲ್ಲಿ ಒಂದು ಫೋಟೋ ಕೂಡ ಇರಲಿಲ್ಲ.

ಮಾವ ನೆಲಕ್ಕೆ ಕೂತು ಒಂದು ಗೀರಿನೊಳಗೆ ಬೆರಳಿಟ್ಟರು. ಅದರುದ್ದಕ್ಕೂ ಎಳೆದು ನೋಡಿ ಕೇಳಿದರು: "ಅವ್ವ, ಅಪ್ಪ ಎಡಚನಾ? ಗೀರೆಲ್ಲ ಈ ಕಡೀಕೇ ವಾಲೈತೆ."

"ಊಂ ಕಣಪ್ಪ," ಎಂದರು ಅಜ್ಜಿ. "ನಿನ್ನಂಗೇ."