ಹಾಡುಹಗಲೇ ಜೇನು ಕದ್ದ ಅಧ್ಯಕ್ಷರಿಗೆ ದರ್ಜಿಯೊಬ್ಬಳ ಅಭಿನಂದನೆ

ಬಹುಮಾನ್ಯರೂ, ಈ ವರ್ಷದ ಮೊದಲ ಬಹುಮಾನವನ್ನು ಮುಕ್ಕಾಲು ಗಂಟೆಯ ಮಟ್ಟಿಗೆ ಪಡೆದವರೂ, ಜೇನು ಸಾಕಣೆದಾರರ ಸಂಘದ ಅಧ್ಯಕ್ಷರೂ ಆದ ತಮ್ಮ ಸನ್ನಿಧಿಗೆ, ಮಾರುಕಟ್ಟೆ ಬೀದಿಯ ಮೂಲೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಕೂತಿರುವ ದರ್ಜಿ ಹೆಂಗಸಿನ ಅನಂತ ವಂದನೆಗಳು.

ಮಾನ್ಯರೇ,

ತಾವು ಕ್ಷೇಮವಾಗಿರುವಿರೆಂದು ನಂಬುತ್ತೇನೆ. ತಮ್ಮ ಬಲಗೈ ಬೆರಳುಗಳ ಊತ ಇಳಿದು, ಸಹಿ ಹಾಕುವಷ್ಟರ ಮಟ್ಟಿಗಾದರೂ ಮಡಚಲು ಬರುತ್ತಿದೆಯೆಂದು ಕೇಳಿ ಸಂತೋಷವಾಯಿತು. ತಮ್ಮಂಥ ದೊಡ್ಡವರಿಗೆ ನನ್ನ ಗುರುತು ಇರಲಾರದು. ಸಂಘದ ಹದಿನೆಂಟು ಸದಸ್ಯರಿಗೆ ಬಿಳಿ ಮೇಲುಡುಪು ಮತ್ತು ಜಾಲರಿಯ ಮುಖಪರದೆ ಹೊಲಿದುಕೊಟ್ಟವಳು ನಾನೇ. ಹದಿನೇಳು ಜನರ ಉಡುಪು ಒಂದೇ ಅಳತೆಯಲ್ಲಿ ಮುಗಿದರೆ, ತಮ್ಮದಕ್ಕೆ ಮಾತ್ರ ಹೊಟ್ಟೆಯ ಸುತ್ತ ಅಂಗೈ ಅಗಲದ ಪಟ್ಟಿಯೊಂದನ್ನು ಜೋಡಿಸಬೇಕಾಯಿತು. ಬಿಳಿ ಬಟ್ಟೆ ಅಷ್ಟರಲ್ಲಿ ಮುಗಿದಿದ್ದರಿಂದ ಹಳದಿ ಹಾಕಿದೆ. ಆಗ ತಾವು ಬಹಳ ಬೇಸರಪಟ್ಟುಕೊಂಡಿರಿ. ನನ್ನ ದೂರದೃಷ್ಟಿ ತಮಗೆ ಅಂದು ಅರ್ಥವಾಗದೆ ಹೋದದ್ದಕ್ಕೆ ಕ್ಷಮೆ ಇರಲಿ.

ತಮ್ಮ ಕೃಪೆಗೆ ಪಾತ್ರಳಾದ ನನ್ನ ತಂಗಿಯ ವಿಷಯವನ್ನೂ ಎರಡು ಮಾತಿನಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ಅವಳು ಹತ್ತೊಂಬತ್ತು ವರ್ಷಗಳಿಂದ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಾಳೆ. ರಕ್ತ ಕಲೆಯಾದ ಹಾಸಿಗೆ ಬಟ್ಟೆಗಳನ್ನು ಬ್ಲೀಚಿನ ಬಿಸಿನೀರಿನಲ್ಲಿ ಅದ್ದಿ ಅದ್ದಿ ಅವಳ ಮೂಗು ವಾಸನೆ ಹಿಡಿಯುವುದನ್ನು ನಿಲ್ಲಿಸಿ ಏಳು ವರ್ಷವಾಯಿತು. ಕಳೆದ ವರ್ಷ ಕೆಮ್ಮು ಹೆಚ್ಚಾಗಿ, ಅದೇ ಆಸ್ಪತ್ರೆಯ ವೈದ್ಯರು ಎದೆಗೆ ಕಿವಿ ಕೊಟ್ಟು, "ಆ ಹಬೆ ಬಿಟ್ಬಿಡಮ್ಮ, ಇಲ್ಲಾಂದ್ರೆ ಉಸಿರೇ ನಿನ್ನ ಬಿಟ್ಬಿಡತ್ತೆ" ಎಂದರು. ಬಿಟ್ಟು ಏನು ತಿನ್ನಬೇಕೆಂಬುದು ಅವರ ಚೀಟಿಯಲ್ಲಿ ಇರಲಿಲ್ಲ.

ಹೀಗಿದ್ದ ಅವಳು ಊರಾಚೆ ಮುಚ್ಚಿಹೋದ ಇಟ್ಟಿಗೆ ಕಾರ್ಖಾನೆಯ ಅಂಗಳದಲ್ಲಿ ಆರು ಜೇನುಪೆಟ್ಟಿಗೆ ಇಟ್ಟಿದ್ದಳು. ಆ ಅಂಗಳ ತುಂಬ ನೇರಳೆ ಹೂವಿನ ಒಂದು ಮುಳ್ಳುಪೊದೆ ಬೆಳೆದಿದೆ. ಎಂದೋ ಹೊರದೇಶದಿಂದ ಬಂದ ಯಂತ್ರದ ಪೆಟ್ಟಿಗೆಗೆ ತುಂಬಿದ್ದ ಒಣಹುಲ್ಲಿನ ಜೊತೆ ಬಂದ ಬೀಜವಂತೆ, ಈ ಸುತ್ತಮುತ್ತ ಬೇರೆಲ್ಲೂ ಇಲ್ಲ. ಜನ ಅದನ್ನು ಕಹಿಮುಳ್ಳು ಅನ್ನುತ್ತಾರೆ. ಆ ಹೂವಿನ ಜೇನು ಕಪ್ಪಗೆ, ದಪ್ಪಗೆ, ನಾಲಿಗೆಯ ತುದಿಗೆ ಸಿಹಿಯಾಗಿ, ನುಂಗಿದ ಮೇಲೆ ತುಸು ಕಹಿಯಾಗಿ ಇರುತ್ತದೆ. ಎರಡು ವರ್ಷದ ಹಿಂದೆ ಅವಳು ಅದನ್ನೊಂದು ಬಾಟಲಿಯಲ್ಲಿ ಹಾಕಿ ಸಂಘಕ್ಕೆ ತಂದಾಗ, ತಾವು ಒಂದು ಹನಿ ನೆಕ್ಕಿ, ಕರವಸ್ತ್ರಕ್ಕೆ ಉಗಿದು, ಹದಿನೇಳು ಜನರ ಎದುರು, "ಏನಮ್ಮಾ ಇದು, ಜೇನೋ ಎಂಜಿನ್ ಆಯಿಲ್ಲೋ? ಮೂಗಿಲ್ಲದೋರು ಜೇನು ಸಾಕಿದ್ರೆ ಹೀಗೇ ಆಗೋದು" ಎಂದು ತೀರ್ಪು ಕೊಟ್ಟಿರಿ. ಎಲ್ಲರೂ ನಕ್ಕರು. ಅವಳು ಬಾಟಲಿಯ ಮುಚ್ಚಳ ತಿರುಗಿಸಿ ಚೀಲಕ್ಕೆ ಹಾಕಿಕೊಂಡು, ಬಸ್ಸು ತಪ್ಪೀತೆಂದು ಎದ್ದು ಬಂದಳು.

ತಮ್ಮ ನಾಲಿಗೆಗೆ ಬುದ್ಧಿ ಬಂದದ್ದು ಈ ವರ್ಷದ ವಸಂತದಲ್ಲಿ. ತಾವೇ ಕರೆಸಿದ್ದ ಪರದೇಶದ ವ್ಯಾಪಾರಿ ಸಂಘದ ಸಭೆಯಲ್ಲಿ ಎಲ್ಲರ ಹೊಂಬಣ್ಣದ ಬಾಟಲಿಗಳನ್ನೂ ಪಕ್ಕಕ್ಕೆ ಸರಿಸಿ, ಇಂಥದ್ದು ಎಲ್ಲೆಲ್ಲೂ ಸಿಗುತ್ತದೆ, ನನಗೆ ಬೇಕಾದ್ದು ಕಪ್ಪು ಬಣ್ಣದ, ಕಹಿ ಉಳಿಯುವ ಜೇನು, ಒಳ್ಳೆಯ ಅತ್ತರಿಗೆ ಕೊಡುವ ಬೆಲೆಯನ್ನೇ ಅದಕ್ಕೂ ಕೊಡುತ್ತೇನೆ, ಎಂದ. ಕೊನೆಯ ಬೆಂಚಿನಲ್ಲಿದ್ದ ನನ್ನ ತಂಗಿ ಶಾಲೆಯ ಹುಡುಗಿಯಂತೆ ಕೈ ಎತ್ತಿ, "ನನ್ನತ್ರ ಇದೆ" ಎಂದಳು. ಹೂವು ಮುಗಿದ ಮೇಲೆ ಬಂದು ಆರೂ ಪೆಟ್ಟಿಗೆಯ ಜೇನನ್ನು ಒಯ್ಯುತ್ತೇನೆಂದು ಅವನು ಮಾತು ಕೊಟ್ಟ. ಆ ಸಂಜೆ ಅವಳು ನನ್ನ ಅಂಗಡಿಗೆ ಬಂದು, ಬಟ್ಟೆಯ ರಾಶಿಯ ಮೇಲೆ ಕೂತು, "ಅಕ್ಕ, ಈ ಸಲ ರಾಜೀನಾಮೆ ಚೀಟಿ ಬರ್ಕೊಡ್ತೀಯಾ?" ಎಂದು ಕೇಳಿದಳು. ಬರೆದುಕೊಟ್ಟೆ. ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು. ಜೇನಿಗೆ ಇಷ್ಟೊಂದು ಬೆಲೆ ಇರುತ್ತದೆಂದು ನಮ್ಮ ವಂಶದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಬ್ಬ ಹೆಂಗಸಿನ ಉಸಿರನ್ನೇ ಅದು ಬಿಡಿಸಿಕೊಡಬಹುದಿತ್ತು.

ಮುಂದಿನ ಸಂಗತಿ ತಮಗೇ ಹೆಚ್ಚು ಗೊತ್ತು. ಆದರೂ ಈ ಪತ್ರ ಪತ್ರಿಕೆಯಲ್ಲೂ ಅಚ್ಚಾಗುವುದರಿಂದ ಸಾರ್ವಜನಿಕರ ತಿಳಿವಳಿಕೆಗಾಗಿ ಬರೆಯುತ್ತಿದ್ದೇನೆ. ಕಳ್ಳರೆಂದರೆ ಕತ್ತಲನ್ನು ಕಾಯುವ ಹೇಡಿಗಳೆಂದು ತಿಳಿದಿದ್ದ ನಮ್ಮ ಕಣ್ಣನ್ನು ತಾವು ತೆರೆಸಿದಿರಿ. ಒಂದು ಬುಧವಾರ, ಸರಿಯಾಗಿ ಮಧ್ಯಾಹ್ನ ಹನ್ನೆರಡಕ್ಕೆ, ನನ್ನ ತಂಗಿ ಆಸ್ಪತ್ರೆಯ ಹಬೆಯಲ್ಲಿರುವ ಹೊತ್ತಿನಲ್ಲಿ, ತಾವು ವ್ಯಾನಿನಲ್ಲಿ ದಯಮಾಡಿಸಿದಿರಿ. ಜೇನು ಕದಿಯುವವನು ಮುಖ ಮುಚ್ಚಿಕೊಂಡರೆ ಅದನ್ನು ಜನ ಅನುಭವವೆಂದು ಭಾವಿಸುತ್ತಾರೆ ಎಂಬ ಸತ್ಯವನ್ನು ಕಂಡುಹಿಡಿದದ್ದಕ್ಕಾಗಿ ತಮಗೊಂದು ಪದಕ ಸಲ್ಲಬೇಕು. ಕಾರ್ಖಾನೆಯ ಕಾವಲುಗಾರನಿಗೆ, ಹೋದವರಿಗೂ ಬಂದವರಿಗೂ ಹಣೆಗೆ ಕೈಯಿಡುವುದರಿಂದ, ಸೆಲ್ಯೂಟ್ ತಾತ ಎಂದೇ ಹೆಸರು. ಸಂಜೆ ಅವನು ತಲೆ ಕೆರೆದುಕೊಳ್ಳುತ್ತ ಹೇಳಿದ್ದು ಇಷ್ಟು: "ಬಿಳಿ ಡ್ರೆಸ್ಸು, ಮುಖಕ್ಕೆ ಜಾಲರಿ, ಕೈಲಿ ಹೊಗೆಡಬ್ಬಿ. ನಿಮ್ಮೋರೇ ಅಂದ್ಕೊಂಡು ನಾನೇ ಗೇಟು ತೆಗ್ದೆ, ಡಬ್ಬ ಎತ್ತೋಕೂ ಕೈ ಹಾಕ್ದೆ. ಹೊಟ್ಟೆ ಮೇಲೊಂದು ಹಳದಿ ಪಟ್ಟಿ ಇತ್ತಮ್ಮ. ದೊಡ್ಡದೊಂದು ಜೇನುಹುಳಾನೇ ಬಂದಂಗಿತ್ತು."

ನಾವು ಹೋಗಿ ನೋಡಿದಾಗ ಆರೂ ಪೆಟ್ಟಿಗೆಗಳ ಮುಚ್ಚಳ ಹುಲ್ಲಿನ ಮೇಲೆ ಬಿದ್ದಿದ್ದವು. ಮೇಲಿನ ಕೋಣೆಯ ಜೇನುತಟ್ಟಿಗಳನ್ನು ಒಯ್ದದ್ದು ಕಳ್ಳತನ, ಅದು ಅರ್ಥವಾಗುತ್ತದೆ. ಆದರೆ ಕೆಳಗಿನ ಕೋಣೆಯ, ಮರಿಗಳು ಬೆಳೆಯುವ ತಟ್ಟಿಗಳನ್ನೂ ತಾವು ಕಿತ್ತು, ಜೇನಿಲ್ಲವೆಂದು ಕಂಡ ಮೇಲೆ ಅಲ್ಲೇ ಎಸೆದು, ಅವುಗಳ ಮೇಲೆ ಬೂಟುಗಾಲಿನಲ್ಲಿ ಓಡಾಡಿದ್ದಿರಿ. ಮೂವತ್ತು ವರ್ಷದ ಅನುಭವಿಯೆಂದು ವೇದಿಕೆಯಲ್ಲಿ ಹೇಳಿಕೊಳ್ಳುವ ತಮಗೆ ಯಾವುದರಲ್ಲಿ ಜೇನು, ಯಾವುದರಲ್ಲಿ ಮರಿ ಎಂದು ಎತ್ತಿ ನೋಡದೆ ತಿಳಿಯಲಿಲ್ಲವೆಂಬುದು ನನಗೆ ಈಗಲೂ ಸೋಜಿಗ. ತಂಗಿ ಅಳಲಿಲ್ಲ. ಮಣ್ಣಿನಲ್ಲಿ ಕೂತು, ಜಜ್ಜಿಹೋದ ಬಿಳಿ ಮರಿಗಳನ್ನು ಒಂದೊಂದಾಗಿ ಉಗುರಿನಿಂದ ಬಿಡಿಸುತ್ತ, "ಇದನ್ಯಾಕೆ ತುಳಿದ್ರು ಅಕ್ಕ? ಇದ್ರಲ್ಲಿ ಅವರಿಗೆ ಬೇಕಾದ್ದು ಏನೂ ಇರ್ಲಿಲ್ವಲ್ಲ" ಎಂದಳು. ಇದಕ್ಕೆ ತಮ್ಮ ಬಳಿ ಉತ್ತರವಿದ್ದರೆ ಅಂಚೆಯಲ್ಲಿ ಕಳಿಸಬೇಕಾಗಿ ಕೋರಿಕೆ.

ಮರುದಿನ ಠಾಣೆಗೆ ಹೋದೆ. ಅಲ್ಲಿನ ಗುಮಾಸ್ತರು ಹೊಟ್ಟೆ ಹಿಡಿದುಕೊಂಡು ನಕ್ಕು, "ಯಾರ ಮೇಲಮ್ಮ ಅನುಮಾನ, ಇರುವೆ ಮೇಲಾ?" ಎಂದು ಕೇಳಿದರು. ಹಳದಿ ಪಟ್ಟಿಯ ಮಾತು ಎತ್ತಿದಾಗ ಅವರ ನಗು ನಿಂತಿತು. ಒಂದು ತುಂಡು ಬಟ್ಟೆಯ ಮೇಲೆ ಅಧ್ಯಕ್ಷರನ್ನು ಹಿಡಿಯಲಾಗದೆಂದು ವಿವರಿಸಿ, ನನ್ನ ದೂರನ್ನು 'ಕೀಟಗಳ ವಲಸೆ' ಎಂಬ ಶೀರ್ಷಿಕೆಯಡಿ ಬರೆದುಕೊಂಡರು. ಅಲ್ಲಿಂದ ನೇರವಾಗಿ ತಮ್ಮ ಬಳಿಗೇ ಬಂದೆ. ತಾವು ಕೈಗೆ ಬ್ಯಾಂಡೇಜು ಸುತ್ತಿಕೊಂಡು, ಬಾಗಿಲಿಗೆ ಬೆರಳು ಸಿಕ್ಕಿತೆಂದು ಹೇಳಿ, ನನ್ನ ತಂಗಿಗಾಗಿ ಮರುಗಿ, ನನ್ನೆದುರೇ 'ಜೇನುಕಳವು ತನಿಖಾ ಸಮಿತಿ'ಯೊಂದನ್ನು ರಚಿಸಿ, ಅದಕ್ಕೂ ತಾವೇ ಅಧ್ಯಕ್ಷರಾದಿರಿ. ಕಳುವಿನ ಬಗ್ಗೆ ಇಷ್ಟು ಒಳಮಾಹಿತಿ ಇರುವ ತನಿಖಾಧಿಕಾರಿ ಯಾವ ದೇಶದ ಚರಿತ್ರೆಯಲ್ಲೂ ಸಿಕ್ಕಿರಲಾರ.

ಆಮೇಲೆ ಬಂತು ಸಂಘದ ವಾರ್ಷಿಕ ಪ್ರದರ್ಶನ. ತಮ್ಮ ಮೇಜಿನ ಮೇಲೆ ಕಪ್ಪು ಜೇನಿನ ಬಾಟಲಿ, ಬಾಟಲಿಯ ಮೇಲೆ ತಮ್ಮ ನಗುಮುಖದ ಚಿತ್ರ, ಪಕ್ಕದಲ್ಲಿ ಪರದೇಶದ ವ್ಯಾಪಾರಿ. ತೀರ್ಪುಗಾರರು ಮೊದಲ ಬಹುಮಾನ ಸಾರಿದರು, ತಾವು ಹಿತ್ತಾಳೆಯ ಬಟ್ಟಲನ್ನು ಎದೆಗವಚಿಕೊಂಡಿರಿ. ಬೇರೆಯವರು ಸಕ್ಕರೆ ಪಾಕ ಬೆರೆಸುತ್ತಾರೆಂದು ದೂರಿ, ಗೆದ್ದ ಬಾಟಲಿಯ ಪರಾಗವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ವರದಿಯನ್ನು ವೇದಿಕೆಯಲ್ಲೇ ಓದಬೇಕೆಂಬ ನಿಯಮವನ್ನು ಹೋದ ವರ್ಷ ತಂದವರೂ ತಾವೇ ಎಂಬುದು ಆ ಕ್ಷಣ ತಮಗೆ ಮರೆತಿತ್ತೆಂದು ಕಾಣುತ್ತದೆ. ಪ್ರಯೋಗಾಲಯದ ಮೇಡಮ್ಮು ಕನ್ನಡಕ ಸರಿಪಡಿಸಿಕೊಂಡು, ನೂರಕ್ಕೆ ತೊಂಬತ್ತು ಪಾಲು ಕಹಿಮುಳ್ಳಿನ ಪರಾಗವೆಂದು ಓದಿ, "ಸರ್, ನಿಮ್ಮ ಪೆಟ್ಟಿಗೆಗಳು ಎಲ್ಲಿವೆ?" ಎಂದು ಕೇಳಿದರು.

ನದಿಯಾಚೆಯ ತಮ್ಮ ತೋಟದ ಮನೆಯಲ್ಲಿ ಎಂದಿರಿ.

"ಆ ಗಿಡ ಇರೋದು ಇಟ್ಟಿಗೆ ಕಾರ್ಖಾನೇಲಿ ಮಾತ್ರ. ಇಪ್ಪತ್ತು ಕಿಲೋಮೀಟರು. ಹುಳ ಹೆಚ್ಚಂದ್ರೆ ನಾಲ್ಕೈದು ಹೋಗತ್ತೆ ಸರ್."

"ನಮ್ಮ ಹುಳಗಳು ಕಷ್ಟಜೀವಿಗಳು ಮೇಡಂ" ಎಂದು ತಾವು ಕೊಟ್ಟ ಉತ್ತರ ಈ ಊರಿನಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಅಂದು ನಗು ಕೊನೆಯ ಬೆಂಚಿನಿಂದ ಶುರುವಾಗಿ ವೇದಿಕೆಯ ತನಕ ಬಂತು. ನಾನು ಎದ್ದು ನಿಂತು ಹಳದಿ ಪಟ್ಟಿಯ ವಿಷಯ ಹೇಳಿದೆ. ಸೆಲ್ಯೂಟ್ ತಾತ ಎದ್ದು ನಿಂತು, ಅಭ್ಯಾಸ ಬಲದಿಂದ ತಮಗೊಂದು ಸೆಲ್ಯೂಟ್ ಹೊಡೆದು, ತಮ್ಮ ಹೊಟ್ಟೆಯತ್ತ ಬೆರಳು ಮಾಡಿ, "ಇವರೇ" ಎಂದ. ವ್ಯಾಪಾರಿ ತನ್ನ ಕುರ್ಚಿಯನ್ನು ಸದ್ದಿಲ್ಲದೆ ತಮ್ಮಿಂದ ದೂರ ಎಳೆದುಕೊಂಡ. ತಾವು ಬಟ್ಟಲನ್ನು ಮೇಜಿನ ಮೇಲಿಟ್ಟು, ಅನಾರೋಗ್ಯದ ನಿಮಿತ್ತ ಒಂದು ತಿಂಗಳ ರಜೆ ಘೋಷಿಸಿ, ಹಿಂಬಾಗಿಲಿನಿಂದ ನಿರ್ಗಮಿಸಿದಿರಿ.

ಕದ್ದದ್ದರಲ್ಲಿ ಬಹುಪಾಲನ್ನು ತಾವು ಚಿಕ್ಕ ಬಾಟಲಿಗಳಿಗೆ ತುಂಬಿ ಊರಿನ ಗಣ್ಯರಿಗೆಲ್ಲ ಕಾಣಿಕೆಯಾಗಿ ಹಂಚಿದ್ದಿರಂತೆ. ಆದ್ದರಿಂದಲೇ ಇರಬೇಕು, ಕೇಸು ಹಾಕೋಣವೆಂದರೆ ಪ್ರತಿಯೊಬ್ಬ ಗಣ್ಯರೂ ತುಟಿ ಒರೆಸಿಕೊಂಡು ಬೇರೆ ಕಡೆ ನೋಡುತ್ತಾರೆ. ಸಂಘದವರು ಹೋಗಿ ಹುಡುಕಿದಾಗ ತಮ್ಮ ಮನೆಯ ಮೆಟ್ಟಿಲಡಿಯಲ್ಲಿ ಸಿಕ್ಕಿದ ಎರಡು ಡಬ್ಬಗಳು ಮಾತ್ರ ತಂಗಿಯ ಕೈ ಸೇರಿವೆ.

ಈಗ ನನ್ನ ವಿನಮ್ರ ಬೇಡಿಕೆಗಳು. ಆರರಲ್ಲಿ ನಾಲ್ಕು ಗೂಡು ಸತ್ತುಹೋಗಿವೆ. ಆ ನಾಲ್ಕಕ್ಕೂ ರಾಣಿಯ ಹುದ್ದೆ ಖಾಲಿಯಿದೆ. ಯಾವ ಹುದ್ದೆಯನ್ನೂ ಖಾಲಿ ಬಿಡದ ತಾವು ನಾಲ್ಕನ್ನೂ ಅಲಂಕರಿಸಬೇಕು. ದಿನಕ್ಕೆ ಸಾವಿರ ಮೊಟ್ಟೆ ಇಡಬೇಕಾಗುತ್ತದೆ, ಭಾಷಣಕ್ಕೆ ಅವಕಾಶವಿಲ್ಲ. ಅದು ಕಷ್ಟವೆನಿಸಿದರೆ ಒಂದೇ ಒಂದು ದಿನದ ಮಟ್ಟಿಗೆ ಒಗೆಯುವ ವಿಭಾಗಕ್ಕೆ ಬಂದು, ಬ್ಲೀಚಿನ ತೊಟ್ಟಿಯ ಮುಂದೆ ಬಗ್ಗಿ ನಿಂತು, ಆಳವಾಗಿ ಉಸಿರೆಳೆದುಕೊಂಡು, 'ಮೂಗಿಲ್ಲದವರು' ಎಂಬ ವಿಷಯದ ಮೇಲೆ ಮಾತಾಡಬೇಕು.

ಈ ಪತ್ರ ಬರೆಯಬಾರದೆಂದು ತಂಗಿಯ ಹಟ. "ಬಿಡಕ್ಕ, ಅವರಿಗೂ ಹೆಂಡತಿ ಮಕ್ಕಳಿದ್ದಾರೆ" ಅನ್ನುತ್ತಾಳೆ. ಮೊನ್ನೆ ಭಾನುವಾರ ಆ ವ್ಯಾಪಾರಿ ತಾನಾಗಿಯೇ ಇಟ್ಟಿಗೆ ಕಾರ್ಖಾನೆಗೆ ಬಂದು, ಉಳಿದಿರುವ ಎರಡು ಡಬ್ಬವನ್ನಾದರೂ ಕೊಡು, ಹೇಳಿದ ಬೆಲೆಗಿಂತ ಹೆಚ್ಚು ಕೊಡುತ್ತೇನೆ ಎಂದ. ಅವಳು ಮುಚ್ಚಳ ತೆಗೆದಳು. ಬದುಕಿ ಉಳಿದ ಎರಡು ಗೂಡುಗಳ ಒಳಗೆ ಹುಳಗಳಿಗೆ ಆಹಾರ ಇಡುವ ತಟ್ಟೆಗಳಿಗೆ, ಅತ್ತರಿನ ಬೆಲೆಯ ಆ ಜೇನನ್ನು ಸೌಟಿನಲ್ಲಿ ಮೊಗೆ ಮೊಗೆದು ಸುರಿಯತೊಡಗಿದಳು. ನಾನು "ಹುಚ್ಚಿ, ಏನೇ ಮಾಡ್ತಿದೀಯ?" ಎಂದು ಕೂಗಿದೆ.

"ಚಳಿ ಬರ್ತಿದೆ ಅಕ್ಕ" ಎಂದಳು. "ಹೊರಗೆ ಹೂವಿಲ್ಲ. ಅವು ಏನು ತಿನ್ನಬೇಕು?"

ವ್ಯಾಪಾರಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಮುಂದಿನ ವರ್ಷ ಬರುತ್ತೇನೆಂದು ಹೇಳಿ ಹೋದ. ಸೋಮವಾರ ಬೆಳಿಗ್ಗೆ ಅವಳು ಕೆಮ್ಮುತ್ತ ಆಸ್ಪತ್ರೆಯ ಬಸ್ಸು ಹತ್ತಿದಳು.

ಅವಳು ಬಿಟ್ಟಿದ್ದಾಳೆ, ನಾನು ಬಿಟ್ಟಿಲ್ಲ ಎಂದು ತಿಳಿಸುತ್ತ,

ತಮ್ಮ ಮೇಲೆ ವಿಶ್ವಾಸದ ಹೊರತು ಉಳಿದೆಲ್ಲವೂ ಇರುವ
ತಮ್ಮ ವಿಶ್ವಾಸಿ,
ದರ್ಜಿ

ವಿ.ಸೂ.: ಈ ಪತ್ರದಲ್ಲಿ ಎಲ್ಲೂ ತಮ್ಮ ಹೆಸರು ಬರೆದಿಲ್ಲ, ಗಮನಿಸಿರಬಹುದು. ಆದರೂ ಅಚ್ಚಿಗೆ ಹೋಗುವ ಮೊದಲು ಇದರ ಕರಡು ಹೇಗೋ ಹೊರಬಿದ್ದು, ಇದು ತಂತಮ್ಮ ಕುರಿತೇ ಬರೆದದ್ದೆಂದೂ, ಮಾನನಷ್ಟ ಆಗಿದೆಯೆಂದೂ ಪತ್ರಿಕೆಯ ಕಚೇರಿಗೆ ಬೇರೆ ಬೇರೆ ಸಂಘಗಳ ನಾಲ್ವರು ಅಧ್ಯಕ್ಷರು ಬಂದು ಕೂಗಾಡಿದ್ದಾರೆ. ಅವರಲ್ಲಿ ಒಬ್ಬರೂ ಜೇನು ಸಾಕುವವರಲ್ಲ.