ಹುಳು ಮನೆಗೆ ಆಗದ ಎಣ್ಣೆ

ಖಿನ್ನತೆ ಎಂಬ ಕಾಯಿಲೆಯ ದೊಡ್ಡ ತೊಂದರೆಯೆಂದರೆ, ರೋಗಿಯೊಬ್ಬನನ್ನು ಬಿಟ್ಟು ಊರಿಗೆಲ್ಲ ಅದರ ಔಷಧಿ ಗೊತ್ತಿರುತ್ತದೆ. ಕಾಲು ಮುರಿದುಕೊಂಡವನಿಗೆ ‘ಮನಸ್ಸು ಗಟ್ಟಿ ಮಾಡ್ಕೊಂಡು ಓಡಾಡಪ್ಪ’ ಎಂದು ಯಾರೂ ಹೇಳುವುದಿಲ್ಲ. ನನಗೆ ಮೇಲೂರಿನ ಬಸ್ ಸ್ಟಾಪಿನಲ್ಲಿ ಕಂಡವರೆಲ್ಲ ಹೇಳಿದ್ದಾರೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನಾನು ಮೊದಲು ಸಿಡುಕಿಗೆ ಹೆಸರಾದವನು. ಈಗ ಮಕ್ಕಳು ತಪ್ಪು ಲೆಕ್ಕ ಮಾಡಿದರೂ ಬೈಯುವಷ್ಟು ಉತ್ಸಾಹವಿಲ್ಲದೆ ಸರಿ ಗುರುತು ಹಾಕತೊಡಗಿದ್ದೆ. ಮನೆಯಲ್ಲೂ ಅಷ್ಟೆ, ಸಾರಿಗೆ ಉಪ್ಪಿಲ್ಲದಿದ್ದರೂ ಸುಮ್ಮನೆ ಉಂಡು ಏಳುತ್ತಿದ್ದೆ. ಹೆಂಡತಿ ರತ್ನಮ್ಮ ಹೆದರಿ ನನ್ನನ್ನು ಚಿಕ್ಕಬಳ್ಳಾಪುರದ ಮನೋವೈದ್ಯರ ಬಳಿ ಕರೆದುಕೊಂಡು ಹೋದಳು. ಅವರು ಮಾತ್ರೆ ಬರೆದುಕೊಟ್ಟು, ಗುಣ ಕಾಣಲು ಸ್ವಲ್ಪ ಸಮಯ ಬೇಕು ಎಂದರು.

ಸಮಯ ಕೊಡುವ ಅಭ್ಯಾಸ ನಮ್ಮ ನೆಂಟರಲ್ಲಿಲ್ಲ. ಚಿಂತಾಮಣಿಯಲ್ಲಿರುವ ರತ್ನಮ್ಮನ ಅಕ್ಕ ನನ್ನನ್ನು ಅಲ್ಲಿನ ಪ್ರಕೃತಿ ಚಿಕಿತ್ಸಕಿಯ ಮುಂದೆ ಕೂರಿಸಿ, “ಇನ್ಮೇಲೆ ಮಾತ್ರೆ ಬಿಸಾಕ್ಬೋದಲ್ವಾ ಮೇಡಂ?” ಎಂದರು. ಆ ಹುಡುಗಿ ಬೆಚ್ಚಿಬಿದ್ದಳು. “ಬಿಲ್ಕುಲ್ ಬಿಸಾಕ್ಬೇಡಿ. ಇದು ಮಾತ್ರೆ ಜೊತೆಗೆ ಮಾಡೋದು, ಮಾತ್ರೆ ಬದಲಿಗಲ್ಲ. ಡಾಕ್ಟರ್‌ಗೂ ಹೇಳಿಬಿಡಿ” ಎಂದು, ಬೆಳಗಿನ ಬಿಸಿಲಲ್ಲಿ ನಡಿಗೆ, ಉಸಿರಾಟದ ಅಭ್ಯಾಸ, ವಾರಕ್ಕೊಮ್ಮೆ ಹದವಾಗಿ ಎಳ್ಳೆಣ್ಣೆ ತಿಕ್ಕುವುದು, ಇಷ್ಟನ್ನೇ ಹೇಳಿದಳು. ಇಷ್ಟು ಸುಲಭದ್ದು ಚಿಕಿತ್ಸೆಯೇ ಅಲ್ಲವೆಂದು ಅಕ್ಕತಂಗಿಯರು ತೀರ್ಮಾನಿಸಿದರು. ವಾರಕ್ಕೊಮ್ಮೆ ಎಂದದ್ದು ದಿನಾ ಆಯಿತು. ಎಳ್ಳೆಣ್ಣೆಗೆ ನೀಲಗಿರಿ ಎಣ್ಣೆ, ಕರ್ಪೂರ ಸೇರಿದವು. ನಾನು ನಡೆದುಹೋದರೆ ಬೀದಿಯವರಿಗೆಲ್ಲ ನೆಗಡಿ ಬಿಡುತ್ತಿತ್ತು.

ನನಗೆ ನಿಜವಾಗಿ ಹಿತವೆನಿಸುತ್ತಿದ್ದ ಜಾಗ ಒಂದೇ, ರತ್ನಮ್ಮನ ರೇಷ್ಮೆ ಹುಳು ಮನೆ. ಹುಳುಗಳು ಸೊಪ್ಪು ತಿನ್ನುವ ಸದ್ದು ಕೇಳುತ್ತ ಕೂತರೆ ಎದೆಯ ಭಾರ ಸ್ವಲ್ಪ ಇಳಿಯುತ್ತಿತ್ತು. ಅವು ನನಗೆ ಯಾವ ಸಲಹೆಯನ್ನೂ ಕೊಡುತ್ತಿರಲಿಲ್ಲ. ಆದರೆ ಹುಳುಗಳಿಗೆ ಘಾಟು ಆಗದು. ಅಲ್ಲಿ ಊದುಬತ್ತಿಯನ್ನೂ ಹಚ್ಚುವಂತಿಲ್ಲ. ಮೊನ್ನೆ ಬೆಳಿಗ್ಗೆ ಎಣ್ಣೆ ತಿಕ್ಕಿಸಿಕೊಂಡು, ಸ್ನಾನವನ್ನೂ ಮಾಡದೆ, ಅಭ್ಯಾಸಬಲದಿಂದ ಹುಳು ಮನೆಯ ಬಾಗಿಲು ತೆರೆದೆ.

“ಅಯ್ಯಯ್ಯೋ, ಆಚೆ ನಡೀರಿ! ಹುಳ ಈಗಿನ್ನ ಪೊರೆ ಕಳಚಿ ನಾಲ್ಕನೇ ಜ್ವರ ಎದ್ದವೆ, ಈ ಘಾಟಿಗೆ ಸೊಪ್ಪೇ ಮುಟ್ಟಲ್ಲ!” ಎಂದು ರತ್ನಮ್ಮ ನನ್ನನ್ನು ಅಂಗಳಕ್ಕೆ ದಬ್ಬಿದಳು.

ನನಗೆ ಎಲ್ಲಿತ್ತೋ ಸಿಟ್ಟು! “ಎಣ್ಣೆ ಹಚ್ಚೋಳೂ ನೀನೇ, ಆಚೆ ಹಾಕೋಳೂ ನೀನೇ! ನಾನೇನು ನಿನ್ನ ಗಂಡನೋ, ಉಪ್ಪಿನಕಾಯಿ ಜಾಡಿಯೋ? ಇರೋದೊಂದು ಜಾಗಾನೂ ತಪ್ಪಿಸಿದ್ರಲ್ಲ, ನೀನೂ ನಿಮ್ಮಕ್ಕನೂ!” ಎಂದು ಕಿರುಚಿದೆ. ಎದುರುಮನೆಯವರು ಆಚೆ ಬಂದರು.

ರತ್ನಮ್ಮ ಜಗಳಕ್ಕೆ ಬರುತ್ತಾಳೆಂದುಕೊಂಡರೆ ಫೋನ್ ತೆಗೆದಳು. “ಅಕ್ಕಾ, ಬೈದ್ರು ಕಣಕ್ಕಾ! ಮೊದ್ಲಿನ ಥರಾನೇ ಬೈದ್ರು!” ಎನ್ನುವಾಗ ಅವಳ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಫೋನನ್ನು ನನ್ನ ಮುಖಕ್ಕೆ ಹಿಡಿದು, “ಇನ್ನೊಂದ್ಸಲ ಬೈರೀ, ಅಕ್ಕನೂ ಕೇಳ್ಲಿ” ಎಂದಳು.

ಇಷ್ಟು ಆಸೆಯಿಂದ ಕೇಳುವವಳನ್ನು ಬೈಯುವುದು ಹೇಗೆ? ಇಪ್ಪತ್ತು ವರ್ಷ ಮಕ್ಕಳ ಮೇಲೆ ಹರಿದ ಬೈಗುಳದಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. ಸುಮ್ಮನಿದ್ದರೆ ನಾಳೆ ಎಣ್ಣೆಗೆ ಮತ್ತೇನು ಬೆರೆಸುತ್ತಾರೋ ಎಂಬ ಭಯಕ್ಕೆ, ಗಂಟಲು ಸರಿಮಾಡಿಕೊಂಡು, “ನಿಮ್ ತಂಗಿಗೆ ಒಂಚೂರೂ ಬುದ್ಧಿ ಇಲ್ಲ” ಎಂದೆ.

ಚಿಂತಾಮಣಿಯಲ್ಲಿ ಆಕೆಯೂ ಅಳತೊಡಗಿದರು.